‘ಊಟ ಆಗ್ಯಾದ್ರಿ?’ ಅಂತ ಆ ತಾಯಿ ಯಾಕೆ ಕೇಳಲಿಲ್ಲ?

ತಮ್ಮಾ,

ನಿನ್ನ ಕಾದಂಬರಿಯ ಹಸ್ತಪ್ರತಿ ಬಂತು, ಜೊತೆಗಿನ ಪತ್ರದ ಮೊದಲ ಸಾಲಿನಲ್ಲೇ ‘ಅಕ್ಕಾ’ ಅಂದಿದ್ದೀಯ. ಹಾಗಾಗಿ ನಾನೂ ‘ನೀನು’ ಅಂತಲೇ ಬರೆಯುತ್ತೇನೆ. ‘ಮುಲಾಜಿಲ್ಲದೆ ಹೇಳಿ’ ಅಂತಲೂ ಕೇಳಿದ್ದೀಯ. ಅದನ್ನು ಎಲ್ಲರೂ ಕೇಳುತ್ತಾರೆ, ಹೇಳಿದ ಮೇಲೆ ಮುಖ ಊದಿಸಿಕೊಳ್ಳುತ್ತಾರೆ. ನೋಡೋಣ. ನಿನ್ನ ಹೆಸರು ಹಾಕದೆ ಪತ್ರಿಕೆಯಲ್ಲೇ ಉತ್ತರ ಕೊಡುತ್ತಿದ್ದೇನೆ. ಈ ವರ್ಷ ಬಂದ ಇನ್ನೂ ಮೂರು ಹಸ್ತಪ್ರತಿಗಳಲ್ಲಿ ಇದೇ ತೊಂದರೆ ಇತ್ತು.

ಓದುಗರಿಗೆ ಗೊತ್ತಾಗಲಿ ಅಂತ ಕಥೆ ಇಷ್ಟು: ಕಲಬುರಗಿಯಲ್ಲಿ ನೂರಾರು ವರ್ಷಗಳಿಂದ ರಕ್ತ ಕುಡಿದು ಬದುಕುವ ಒಂದು ಗುಂಪಿದೆ. ವ್ಯಾಂಪೈರ್‌ಗಳು. ಜನರ ನಡುವೆಯೇ ಇದ್ದಾರೆ, ಯಾರಿಗೂ ಗೊತ್ತಿಲ್ಲ. ಅವರ ದರ್ಬಾರು ನಡೆಯುವುದು ಬೀದರಿನ ನೆಲದಡಿ. ಎಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳಿಗೆ ಈ ಗುಟ್ಟು ತಿಳಿಯುತ್ತದೆ. ಅವಳನ್ನು ಮುಗಿಸಲು ಬಂದವನೇ ಅವಳಿಗೆ ಮನಸ್ಸು ಕೊಡುತ್ತಾನೆ. ಒಟ್ಟು 312 ಪುಟ.

ಮೆಚ್ಚಿದ್ದನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಎರಡನೇ ಅಧ್ಯಾಯದಲ್ಲಿ ಬರುವ, ಬೀದರಿನ ಪಕ್ಕದ ಅಷ್ಟೂರು ಚೆನ್ನಾಗಿದೆ. 1458ರಿಂದ 1461ರವರೆಗೆ ಆಳಿ ‘ಜಾಲಿಮ್’, ಅಂದರೆ ಕ್ರೂರಿ, ಅನ್ನಿಸಿಕೊಂಡ ಬಹಮನಿ ಸುಲ್ತಾನ ಹುಮಾಯೂನನ ಗೋರಿ, ಸಿಡಿಲು ಬಡಿದು ಅರ್ಧ ಒಡೆದ ಗುಮ್ಮಟ. ಅದರ ಕೆಳಗೆ ನಿನ್ನ ಮುದುಕ ನಿಂತು ‘ಇವನು ನಮ್ಮವನಲ್ಲ, ಮನುಷ್ಯನೇ’ ಅನ್ನುತ್ತಾನೆ. ಅಲ್ಲಿ ಎರಡು ಸಲ ನಿಂತೆ. ಕಾಗುಣಿತದ ತಪ್ಪೂ ಕಡಿಮೆ. ಆಯ್ತು.

ಈಗ 63ನೇ ಪುಟಕ್ಕೆ ಬಾ. ಅಲ್ಲಿಂದ ನನ್ನ ತಲೆ ಕೆಟ್ಟಿತು.

ರಾತ್ರಿ ಒಂಬತ್ತು ಗಂಟೆ. ಕಲಬುರಗಿಯ ಬ್ರಹ್ಮಪುರದ ಮನೆ. ಬಾಗಿಲಲ್ಲಿ ಕಪ್ಪು ಕೋಟಿನವನು ನಿಂತಿದ್ದಾನೆ. ‘ನಾನು ಒಳಗೆ ಬರಬಹುದೇ?’ ಅನ್ನುತ್ತಾನೆ. ಹುಡುಗಿಯ ತಾಯಿ ಅರ್ಧ ಪುಟ ಯೋಚಿಸುತ್ತಾಳೆ. ಎದೆ ಢವಢವ. ಕೊನೆಗೆ ‘ದಯವಿಟ್ಟು ಒಳಗೆ ಬನ್ನಿ’ ಅನ್ನುತ್ತಾಳೆ. ಕರೆಯದೆ ಇಂಥವರು ಹೊಸ್ತಿಲು ದಾಟುವಂತಿಲ್ಲ ಅಂತ 19ನೇ ಪುಟದಲ್ಲಿ ನಿಯಮ ಹಾಕಿದ್ದೀಯ, ಅದಕ್ಕೇ ಇಷ್ಟೆಲ್ಲ.

ತಮ್ಮಾ, ಬ್ರಹ್ಮಪುರದಲ್ಲಿ ಯಾವ ತಾಯಿ ಅರ್ಧ ಪುಟ ಯೋಚಿಸುತ್ತಾಳೆ? ಬಂದವರ ಮುಖ ಕಾಣುವ ಮೊದಲೇ ‘ಬರ್ರಿ ಒಳಗ, ಹೊರಗ ಯಾಕ ನಿಂತೀರಿ’ ಅಂದಿರುತ್ತಾಳೆ. ಎಲೆಕ್ಟ್ರಿಕ್ ಬಿಲ್ ಕೊಡಲು ಬಂದವನಿಗೂ ಅಂದಿರುತ್ತಾಳೆ. ‘ದಯವಿಟ್ಟು ಒಳಗೆ ಬನ್ನಿ’ ಅನ್ನುವುದು ಡಬ್ಬಿಂಗ್ ಸಿನಿಮಾದ ಹೆಂಗಸು. ನಿನ್ನ ತಾಯಿ ಹಾಗೆ ಮಾತಾಡುತ್ತಾಳಾ? ಈ ಸಾಲು ಬರೆಯುವಾಗ ಒಳಗೆ ಅಡಿಗೆಮನೆಯಿಂದ ಅವಳ ದನಿ ಕೇಳಿಸುತ್ತಿರಲಿಲ್ಲವಾ?

ಮುಂದಿನ ಸಾಲು: ‘ಅವನು ಸೋಫಾದ ಮೇಲೆ ಕುಳಿತು ಅವಳ ಕುತ್ತಿಗೆಯನ್ನೇ ನೋಡಿದ.’ ಕೂತನಾ? ಕೂತ ತಕ್ಷಣ ನಮ್ಮಲ್ಲಿ ಬರುವ ಮಾತು ಒಂದೇ. ‘ಊಟ ಆಗ್ಯಾದ್ರಿ?’

ಇದನ್ನು ಪೆನ್ಸಿಲಿನಲ್ಲಿ ಅಂಚಿಗೆ ಬರೆದೆ. ಬರೆದವಳೇ ನಕ್ಕುಬಿಟ್ಟೆ. ಆಮೇಲೆ ಸ್ವಲ್ಪ ಹೆದರಿಕೆಯೂ ಆಯ್ತು. ರಕ್ತ ಕುಡಿಯಲು ಬಂದವನನ್ನು ಊಟ ಆಯ್ತಾ ಅಂತ ಕೇಳಿದರೆ ಅವನು ಏನನ್ನಬೇಕು? ‘ಇನ್ನಾ ಇಲ್ರಿ’ ಅನ್ನಬೇಕು. ನಿನ್ನ 312 ಪುಟದಲ್ಲಿ ಇಷ್ಟು ಭಯದ ಸಾಲು ಒಂದೂ ಇಲ್ಲ.

ಇನ್ನೂ ಇದೆ. ಇಲ್ಲ ಅಂದಮೇಲೆ ಅವಳು ಬಿಡುತ್ತಾಳಾ? ತಾಟು ಬರುತ್ತದೆ. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಆ ಹಿಂಡಿಯಲ್ಲಿ ಏನಿದೆ? ಬಳ್ಳೊಳ್ಳಿ! ನಿನ್ನದೇ 19ನೇ ಪುಟದ ಎರಡನೇ ನಿಯಮ ನೋಡು, ಬೆಳ್ಳುಳ್ಳಿ ತಾಗಿದರೆ ಅವರು ಬೂದಿ. ಒಳಗೆ ಬರುವುದು ಸಲೀಸು, ಉಣ್ಣದೆ ಹೊರಗೆ ಹೋಗುವುದು ಆಗದ ಮಾತು. ‘ಒಂದ್ ರೊಟ್ಟಿ ತಿನ್ರಿ, ಬಡವರ ಮನಿ ಅಂತ ಬ್ಯಾಡ ಅನಬ್ಯಾಡ್ರಿ’ ಅಂತ ಆಕೆ ಎದುರಿಗೇ ಕೂತಿದ್ದಾಳೆ. ಇಡೀ ಅಧ್ಯಾಯ ಆ ತಾಟಿನ ಸುತ್ತ ನಡೆಯಬಹುದಿತ್ತು. ನೀನು ಅವನಿಗೆ ಸೋಫಾ ಕೊಟ್ಟು, ಕಣ್ಣು ಕೆಂಪು ಮಾಡಿಸಿ ಕಳಿಸಿಬಿಟ್ಟೆ.

ಈ ನಿಯಮಗಳು ಎಲ್ಲಿಂದ ಬಂದವು ಅಂತ ನಿನಗೆ ಗೊತ್ತಿದೆ. ಮನೆಯವರು ಕರೆಯದೆ ಒಳಗೆ ಬರುವಂತಿಲ್ಲ, ಬೆಳ್ಳುಳ್ಳಿ ಆಗದು, ಹರಿಯುವ ನೀರು ತಡೆಯುತ್ತದೆ, ಇವೆಲ್ಲ ಬ್ರಾಮ್ ಸ್ಟೋಕರನ 1897ರ ಕಾದಂಬರಿ ‘ಡ್ರಾಕುಲಾ’ದಲ್ಲಿವೆ. ಆದರೆ ಬಿಸಿಲಿಗೆ ಸಾಯುವುದು ಅದರಲ್ಲಿಲ್ಲ. ಅದರ ವ್ಯಾಂಪೈರ್ ಕೌಂಟ್ ಡ್ರಾಕುಲಾ ಹಗಲಲ್ಲೇ ಲಂಡನ್ನಿನ ಬೀದಿಯಲ್ಲಿ ಓಡಾಡುತ್ತಾನೆ, ಅವನ ಶಕ್ತಿ ಮಾತ್ರ ಹಗಲು ಕಡಿಮೆ. ಬಿಸಿಲು ಬಿದ್ದು ಕರಗಿ ಹೋಗುವುದನ್ನು ತಂದದ್ದು 1922ರ ಒಂದು ಜರ್ಮನ್ ಮೂಕಿ ಚಿತ್ರ. ಅಂದರೆ ಬೇಕಾದವರು ಬೇಕಾದಾಗ ನಿಯಮ ಸೇರಿಸಿಕೊಂಡಿದ್ದಾರೆ. ಸಾಲ ತಂದದ್ದಕ್ಕೆ ನನಗೆ ಸಿಟ್ಟಿಲ್ಲ. ತಂದದ್ದನ್ನು ನಮ್ಮ ನೆಲದ ಮೇಲೆ ಒಮ್ಮೆಯೂ ಇಟ್ಟು ನೋಡಿಲ್ಲವಲ್ಲ, ಅದಕ್ಕೆ ಸಿಟ್ಟು.

ಹರಿಯುವ ನೀರಿನದೇ ನೋಡು. ಅದನ್ನು ದಾಟಿದರೆ ಸಾವು ಅಂತ ಬರೆದಿದ್ದೀಯ. ಅದೇ ಕೈಯಲ್ಲಿ ಅವರ ದರ್ಬಾರನ್ನು ಬೀದರಿನ ಕರೇಜಿನಲ್ಲಿ ಇಟ್ಟಿದ್ದೀಯ. ನೌಬಾದಿನ ಸುರಂಗ ಬಾವಿ! ಬಹಮನಿಗಳ ಕಾಲದಲ್ಲಿ, ಪರ್ಷಿಯಾದ ವಿದ್ಯೆಯಿಂದ, ನೆಲದಡಿ ಸಣ್ಣ ಇಳಿಜಾರು ಕೊಟ್ಟು ನೀರು ತಾನಾಗಿ ಹರಿಯಲಿ ಅಂತಲೇ ತೋಡಿದ ಸುರಂಗ ಅದು. ಮೇಲಿನಿಂದ ಗಾಳಿ ಬೆಳಕು ಬರಲಿ ಅಂತ 20ಕ್ಕೂ ಹೆಚ್ಚು ಬಾವಿಗಂಡಿ ಬಿಟ್ಟಿದ್ದಾರೆ. ನೀರೂ ಇದೆ, ಬೆಳಕೂ ಇದೆ. ನಿನ್ನ ಮಂದಿಗೆ ಇದಕ್ಕಿಂತ ಕೆಟ್ಟ ಜಾಗ ಇಡೀ ಜಿಲ್ಲೆಯಲ್ಲಿ ಸಿಗಲಿಕ್ಕಿಲ್ಲ. ಅವರನ್ನು ಅಲ್ಲಿ ಕೂಡಿಹಾಕಿದ್ದಾರೆ ಅಂತ ಬರೆದಿದ್ದರೆ ನಾನು ಎದ್ದು ಕೂರುತ್ತಿದ್ದೆ. ನೀನು ಅಲ್ಲಿ ರತ್ನಗಂಬಳಿ ಹಾಸಿದ್ದೀಯ.

ನನ್ನ ಸಿಟ್ಟು ಸ್ವಲ್ಪ ಜಾಸ್ತಿಯಾಯ್ತು ಅಂತ ಗೊತ್ತು. ಅದಕ್ಕೆ ಕಾರಣ ಹಳೆಯದು.

ನಾನು ಬಿ.ಎ. ಮುಗಿಸಿ ಸೂಪರ್ ಮಾರ್ಕೆಟ್ ಹಿಂದಿನ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವ ಕೆಲಸಕ್ಕೆ ಸೇರಿದ್ದೆ. ಆಗಿನ್ನೂ ಊರು ಗುಲಬರ್ಗಾ. ಅಚ್ಚಿನ ಮೊಳೆ ಜೋಡಿಸುವ ಕಾಲ, ಸಂಜೆ ಮನೆಗೆ ಹೋದರೆ ಸೆರಗಿಗೆಲ್ಲ ಮಸಿ. ಅಲ್ಲಿಂದ ಬರುತ್ತಿದ್ದ ವಾರಪತ್ರಿಕೆಯ ಸಂಪಾದಕರಿಗೆ ಹೆದರಿ ಹೆದರಿ ಒಂದು ಕಥೆ ಕೊಟ್ಟೆ. ಜಿಟಿಜಿಟಿ ಮಳೆ, ಅಡಿಕೆ ತೋಟ, ಹೆಂಚಿನ ಮನೆ, ಬಾಗಿಲಲ್ಲಿ ಅವನಿಗಾಗಿ ಕಾಯುವ ಹುಡುಗಿ. ನಾನು ಓದಿದ ಕಥೆಗಳಲ್ಲೆಲ್ಲ ಅದೇ ಇತ್ತು. ಕನ್ನಡ ಕಥೆ ಅಂದರೆ ಅಡಿಕೆ ತೋಟದಲ್ಲೇ ಆಗಬೇಕು ಅಂದುಕೊಂಡಿದ್ದೆ.

ಅವರು ಓದಿ ಕನ್ನಡಕ ತೆಗೆದರು. ‘ಅಡಿಕಿ ಗಿಡ ನೋಡೀಯೇನವ್ವ?’

‘ಇಲ್ರಿ.’

‘ಅಡಿಕಿ ಎಲ್ಲಿ ನೋಡೀದಿ?’

‘ಪಾನ್ ಅಂಗಡ್ಯಾಗ್ರಿ.’

ಕಂಪೋಸಿಂಗ್ ಮಾಡುತ್ತಿದ್ದವರೆಲ್ಲ ನಕ್ಕರು. ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಮೂರನೇ ದಿನ ತೋಟ ತೆಗೆದು ಹಾಕಿ ನಮ್ಮ ಓಣಿಯ ಬೋರಿಂಗ್ ಇಟ್ಟೆ, ಅದರ ಮುಂದೆ ಕೊಡದ ಪಾಳಿ. ಆಗ ಒಂದು ವಿಷಯ ತಾನಾಗಿ ಬಂತು. ಅವನು ಅತ್ತ ಬಸ್ ಹತ್ತುತ್ತಿದ್ದಾನೆ, ಅವಳು ಓಡಿ ಹೋಗಬೇಕು. ಪಾಳಿ ಬಿಟ್ಟರೆ ಮನೆಗೆ ನೀರಿಲ್ಲ. ಮೊದಲ ಕಥೆಯಲ್ಲಿ ಅವಳು ಯಾಕೆ ಸುಮ್ನೆ ನಿಂತಿದ್ದಾಳೆ ಅಂತ ನನಗೇ ಗೊತ್ತಿರಲಿಲ್ಲ. ಕಥೆ ಅಷ್ಟೇನೂ ಚೆನ್ನಾಗಿರಲಿಲ್ಲ ಅನ್ನು. ಆದರೆ ಅಚ್ಚಾಯ್ತು.

ಅದಕ್ಕೇ ನಿನ್ನ 118ನೇ ಪುಟ ಓದಿ ಕಿವಿ ಬಿಸಿಯಾಯ್ತು. ‘ಮೇ ತಿಂಗಳ ಆ ರಾತ್ರಿ ಅವಳು ಕಂಬಳಿ ಹೊದ್ದು ಮಲಗಿದ್ದಳು. ತಣ್ಣನೆ ಗಾಳಿಗೆ ಕಿಟಕಿಯ ಪರದೆ ಹಾರುತ್ತಿತ್ತು. ಅವನು ಕಿಟಕಿಯಿಂದ ಒಳಗೆ ಬಂದ.’

ಮೇ ತಿಂಗಳು. ಕಲಬುರಗಿ. ಕಂಬಳಿ.

ಆ ಕಿಟಕಿಯಲ್ಲಿ ಕೂಲರ್ ಕೂತಿರುತ್ತದೆ, ತಮ್ಮಾ. ಅವನು ಒಳಗೆ ಬರಬೇಕಾದರೆ ಮೊದಲು ಸ್ಟ್ಯಾಂಡ್ ಸಮೇತ ಕೂಲರ್ ಇಳಿಸಬೇಕು, ನೀರು ಚೆಲ್ಲದ ಹಾಗೆ. ಅಷ್ಟು ಕಷ್ಟ ಯಾಕೆ? ಕರೆಂಟ್ ಹೋದ ರಾತ್ರಿ ಓಣಿಗೆ ಓಣಿಯೇ ಮಾಳಿಗೆ ಮೇಲೆ ಮಲಗಿರುತ್ತದೆ. ಚಾಪೆ, ತಂಬಿಗೆ ನೀರು, ಸಾಲಾಗಿ ಅಜ್ಜಿ, ಮೊಮ್ಮಕ್ಕಳು, ಅಳಿಯ. ಬಾಗಿಲಿಲ್ಲ, ಹೊಸ್ತಿಲಿಲ್ಲ. ಹೊಸ್ತಿಲೇ ಇಲ್ಲದ ಕಡೆ ನಿನ್ನ ನಿಯಮ ಏನನ್ನುತ್ತದೆ? ಮಾಳಿಗೆ ಮನೆಯ ಒಳಗೋ ಹೊರಗೋ? ಮಾಳಿಗೆಯಿಂದ ಮಾಳಿಗೆಗೆ ಮೋಟುಗೋಡೆ ದಾಟಿ ಒಬ್ಬ ಬರುತ್ತಿದ್ದಾನೆ. ನಿದ್ದೆಗಣ್ಣಲ್ಲಿ ಅಜ್ಜಿ ‘ಯಾರಪ್ಪಾ’ ಅನ್ನುತ್ತಾಳೆ. ಅದು ಕರೆದ ಹಾಗೆ ಆಯ್ತಾ, ಇಲ್ಲವಾ? ಇದನ್ನು ನೀನು ತೀರ್ಮಾನಿಸಬೇಕು. ನನಗಂತೂ ಆ ರಾತ್ರಿ ಸೊಳ್ಳೆ ಪರದೆಯೊಳಗೂ ನಿದ್ದೆ ಬರಲಿಲ್ಲ.

ಇನ್ನು ಹಗಲು ಹೊರಗೆ ಬಾರದವರನ್ನು ಅಡಗಿಸಲು ನೀನು ಎಂಟು ಪುಟ ಒದ್ದಾಡಿದ್ದೀಯ. ಏಪ್ರಿಲ್, ಮೇಯಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಆಮೇಲೆ ರಸ್ತೆಯಲ್ಲಿ ನಾಯಿಯೂ ಇರುವುದಿಲ್ಲ. ಹಗಲೆಲ್ಲ ಕದ ಹಾಕಿಕೊಂಡು ಕತ್ತಲಾದ ಮೇಲೆ ಹೊರಗೆ ಬರುವವನ ಮೇಲೆ ಇಲ್ಲಿ ಯಾರಿಗೆ ಅನುಮಾನ? ಜನವರಿಯಲ್ಲಿ ಅವನು ಏನು ಮಾಡುತ್ತಾನೆ ಅನ್ನುವುದು ಕಷ್ಟದ ಪ್ರಶ್ನೆ. ಆಗ ಮನೆ ಮಾಲೀಕರು ಬಂದು ಕೇಳುತ್ತಾರೆ: ಯಾವೂರು, ಯಾರ ಪೈಕಿ, ಹಗಲೆಲ್ಲ ಮಲಗ್ತೀರಲ್ಲ, ಯಾವ ಕಂಪನಿ? ಅವನನ್ನು ಹುಡುಕಿ ಬರುವ ನಿನ್ನ ಕಾದಂಬರಿಯ ಬೇಟೆಗಾರರ ಗುಂಪಿಗಿಂತ ಈ ಮಾಲೀಕರಿಗೆ ಅವನು ಜಾಸ್ತಿ ಹೆದರಬೇಕು.

ಪ್ರೇಮದ ಭಾಗ, ಕೊನೆಯ ಯುದ್ಧ, ಇವುಗಳ ಬಗ್ಗೆ ಏನೂ ಹೇಳುವುದಿಲ್ಲ. ಅಷ್ಟು ದೂರ ಹೋಗುವಷ್ಟರಲ್ಲಿ ನನ್ನ ಪೆನ್ಸಿಲ್ ಮುಗಿದಿತ್ತು.

ಇಡೀ ಕಾದಂಬರಿ ತಿದ್ದಲು ಕೂರಬೇಡ. ಏಳನೇ ಅಧ್ಯಾಯ ಒಂದನ್ನೇ, ಬಾಗಿಲು ಬಡಿಯುವಲ್ಲಿಂದ, ಹೊಸದಾಗಿ ಬರೆದು ಕಳಿಸು. ನಿನ್ನ ತಾಯಿಗೆ ಓದಿ ತೋರಿಸಿ ಕಳಿಸು. ತಾಟು ಮುಂದೆ ಬಂದ ಮೇಲೆ ಅವನು ರೊಟ್ಟಿ ಮುರಿದನಾ ಇಲ್ಲವಾ ಅಂತ ನನಗೆ ಗೊತ್ತಾಗಬೇಕು.

ಹಾಳೆಗಳನ್ನು ಅಂಚೆಯಲ್ಲಿ ವಾಪಸ್ ಕಳಿಸಿದ್ದೇನೆ. 64ನೇ ಪುಟದ ಮೇಲೆ ಚಾ ಚೆಲ್ಲಿದೆ, ತಪ್ಪು ತಿಳಿಯಬೇಡ.

ನಿನ್ನ ಅಕ್ಕ,
ಸಂಪಾದಕಿ