ಬಿಂಬುಳಿ ಮರ ಕಡಿಸಬೇಡಿ, ರಸ ಕುಡಿಯುವುದನ್ನು ಬಿಡಿ

ಪುತ್ತೂರು ಕಡೆಯ ಓದುಗರೊಬ್ಬರ ಪತ್ರ: "ಅಪ್ಪನಿಗೆ 62 ವರ್ಷ, ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಕೊಲೆಸ್ಟ್ರಾಲ್ ಇಳಿಯುತ್ತದೆ ಎಂದು ಯಾರೋ ಹೇಳಿದರು. ಹಿತ್ತಿಲಿನ ಬಿಂಬುಳಿ ಅರೆದು ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ ರಸ ಕುಡಿದರು. ಮೂರನೇ ವಾರಕ್ಕೆ ವಾಂತಿ, ಬಿಕ್ಕಳಿಕೆ, ಮೂತ್ರ ಕಡಿಮೆ. ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 6.8 ಆಗಿತ್ತು. ಮೂರು ಸಲ ಡಯಾಲಿಸಿಸ್ ಮಾಡಿಸಿದೆವು, ಈಗ 1.9ಕ್ಕೆ ಇಳಿದಿದೆ. ನಾಟಿ ಮದ್ದು ಏನಾದರೂ ಕೊಟ್ಟಿದ್ದೀರಾ ಎಂದು ಡಾಕ್ಟರು ಮೊದಲ ದಿನವೇ ಕೇಳಿದ್ದರು, ಅಮ್ಮ ಇಲ್ಲ ಅಂದರು. ಅಜ್ಜಿ ಕಾಲದಿಂದ ಸಾರಿಗೆ ಹಾಕುತ್ತಾ ಬಂದದ್ದು ವಿಷ ಆಗುವುದು ಹೇಗೆ? ಮರ ಕಡಿಸಿಬಿಡಲೇ?"

ನಿಮ್ಮ ಅಮ್ಮ ಸುಳ್ಳು ಹೇಳಲಿಲ್ಲ. ಅವರನ್ನು ಮನೆಯಲ್ಲಿ ಯಾರೂ ದೂರಬೇಡಿ. ಬಿಂಬುಳಿ ಅವರ ಪಾಲಿಗೆ ಅಡುಗೆಯ ಹುಳಿ, ಮದ್ದಲ್ಲ. ಮದ್ದು ಎಂದರೆ ಪುಡಿ, ಲೇಹ, ಕಷಾಯ. ಹಿತ್ತಿಲ ಕಾಯಿಯ ಹೆಸರು ಡಾಕ್ಟರ ಮುಂದೆ ಬಾಯಿಗೆ ಬರುವುದಾದರೂ ಹೇಗೆ?

ಅಜ್ಜಿ ಮಾಡುತ್ತಿದ್ದುದನ್ನು ನೆನಪು ಮಾಡಿಕೊಳ್ಳಿ. ಬಂಗುಡೆ ಸಾರಿಗೆ ನಾಲ್ಕು ಕಾಯಿ. ಅದನ್ನು ಮನೆಮಂದಿಯೆಲ್ಲ ಹಂಚಿಕೊಂಡು, ಅನ್ನದ ಜೊತೆ ಉಣ್ಣುತ್ತಿದ್ದರು. ಒಂದು ಲೋಟ ರಸಕ್ಕೆ ಎಷ್ಟು ಕಾಯಿ ಬೇಕು, ನೀವೇ ಎಣಿಸಿ ನೋಡಿ. ಅಷ್ಟನ್ನೂ ಒಬ್ಬರೇ, ಖಾಲಿ ಹೊಟ್ಟೆಗೆ, ಇಪ್ಪತ್ತು ದಿನ. ಅಜ್ಜಿ ಕಾಲದಲ್ಲಿ ಹೀಗೆ ಯಾರೂ ಕುಡಿದಿರಲಿಲ್ಲ.

ಹಿತ್ತಾಳೆ ಚೊಂಬಿಗೆ ಬಿಂಬುಳಿ ತಿಕ್ಕಿದರೆ ಫಳಫಳ ಹೊಳೆಯುತ್ತದಲ್ವಾ? ಆ ಹುಳಿಯಲ್ಲಿ ಆಕ್ಸಾಲಿಕ್ ಆಮ್ಲ ತುಂಬಾ ಜಾಸ್ತಿ ಇರುತ್ತದೆ. ಊಟದ ಜೊತೆ ಸ್ವಲ್ಪ ಹೋದರೆ, ಮೊಸರು-ಹಾಲಿನ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಅದನ್ನು ಹಿಡಿದುಕೊಳ್ಳುತ್ತದೆ, ಬಹುಪಾಲು ಮಲದಲ್ಲಿ ಹೊರಗೆ ಹೋಗುತ್ತದೆ. ಖಾಲಿ ಹೊಟ್ಟೆಯಲ್ಲಿ ಹಿಡಿಯುವವರು ಯಾರೂ ಇಲ್ಲ. ಸೀದಾ ರಕ್ತಕ್ಕೆ ಸೇರಿ ಕಿಡ್ನಿಗೆ ಬರುತ್ತದೆ. ಅಲ್ಲಿ ಕ್ಯಾಲ್ಸಿಯಂ ಜೊತೆ ಕೂಡಿ ಸಣ್ಣ ಸಣ್ಣ ಹರಳಾಗಿ, ಕೂದಲಿಗಿಂತ ತೆಳ್ಳಗಿನ ನಾಳಗಳಲ್ಲಿ ಕೂತುಬಿಡುತ್ತದೆ. ನಾಳ ಕಟ್ಟುತ್ತದೆ, ಊದಿಕೊಳ್ಳುತ್ತದೆ, ಮೂತ್ರ ಕಡಿಮೆಯಾಗುತ್ತದೆ. ನೀರು ಕಡಿಮೆ ಕುಡಿಯುವವರಿಗೆ, ಸಕ್ಕರೆ ಕಾಯಿಲೆಯಿಂದ ಕಿಡ್ನಿ ಮೊದಲೇ ಸೋತವರಿಗೆ ಅಪಾಯ ಇನ್ನೂ ಹೆಚ್ಚು.

ಇದು ನಿಮ್ಮ ಮನೆಗೆ ಮಾತ್ರ ಬಂದ ಕಷ್ಟವಲ್ಲ. ಕೇರಳದಲ್ಲಿ ಬಿಂಬುಳಿಗೆ ಇರುಂಬನ್ ಪುಳಿ ಎನ್ನುತ್ತಾರೆ. ಅಲ್ಲೂ ಕೊಲೆಸ್ಟ್ರಾಲಿಗೆಂದು ಇದರ ರಸ ಕುಡಿಯುವ ರೂಢಿ ಇತ್ತು. ಹಾಗೆ ಕುಡಿದು ಕಿಡ್ನಿ ಕೈಕೊಟ್ಟ ಹತ್ತು ಜನರ ಬಗ್ಗೆ ಅಲ್ಲಿನ ವೈದ್ಯರು 2013ರಲ್ಲಿ 'ಇಂಡಿಯನ್ ಜರ್ನಲ್ ಆಫ್ ನೆಫ್ರಾಲಜಿ'ಯಲ್ಲಿ ಬರೆದರು. ಏಳು ಜನರಿಗೆ ಡಯಾಲಿಸಿಸ್ ಬೇಕಾಯಿತು. ಬಿಂಬುಳಿಯ ಅಣ್ಣನಂತಿರುವ ದಾರೆಹುಳಿಯದ್ದು (ಸ್ಟಾರ್ ಫ್ರೂಟ್) ಇನ್ನೊಂದು ಕಥೆ. ಅದರಲ್ಲಿ ಮಿದುಳಿಗೆ ತಾಗುವ ವಿಷವೂ ಇದೆ. ಚೆನ್ನಾಗಿರುವ ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ. ಕಿಡ್ನಿ ಸೋತವರಲ್ಲಿ ಅದು ಉಳಿದುಕೊಂಡು ನಿಲ್ಲದ ಬಿಕ್ಕಳಿಕೆ, ಗೊಂದಲ, ಫಿಟ್ಸ್ ತರಬಹುದು. ನಿಮ್ಮ ತಂದೆಯವರಿಗೆ ಇನ್ನು ದಾರೆಹುಳಿಯ ಒಂದು ಹೋಳೂ ಬೇಡ.

ಬಳ್ಳಿ-ಬೇರುಗಳ ಬಗ್ಗೆಯೂ ಹೇಳಲೇಬೇಕು. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೂಕ ಇಳಿಸಲು ಕೊಟ್ಟ ಮಾತ್ರೆಗಳಲ್ಲಿ ಒಂದು ಚೀನಾ ಗಿಡಮೂಲಿಕೆ ಬದಲು ಇನ್ನೊಂದು ಸೇರಿಹೋಯಿತು. ಎರಡರ ಚೀನೀ ಹೆಸರು ಹೆಚ್ಚುಕಡಿಮೆ ಒಂದೇ. ಸೇರಿದ ಗಿಡದಲ್ಲಿ ಅರಿಸ್ಟೊಲೋಕಿಕ್ ಆಮ್ಲ ಇತ್ತು. ಎಷ್ಟೋ ಹೆಂಗಸರ ಕಿಡ್ನಿ ಪೂರ್ತಿ ಹಾಳಾಯಿತು, ಕೆಲವರಿಗೆ ವರ್ಷಗಳ ನಂತರ ಮೂತ್ರನಾಳದ ಕ್ಯಾನ್ಸರ್ ಬಂತು. ಹಾವು ಕಚ್ಚಿದಾಗ ತೇಯ್ದು ಕೊಡುತ್ತಿದ್ದ ನಮ್ಮ ಈಶ್ವರಿ ಬೇರು ಅದೇ ಕುಲದ ಬಳ್ಳಿ. ಅದನ್ನು ಹೊಟ್ಟೆಗೆ ತೆಗೆದುಕೊಳ್ಳಬೇಡಿ. ಹಾವು ಕಚ್ಚಿದರೆ ಬೇರು ಹುಡುಕುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿ.

ಹಾಗಂತ ನಾನು ಆಯುರ್ವೇದವನ್ನು ಹೀಗಳೆಯುತ್ತಿಲ್ಲ. ಮೊಣಕಾಲು ನೋವಿಗೆಂದು ಮೆಡಿಕಲ್ ಶಾಪ್‌ನಿಂದ ತಂದು ತಿಂಗಳುಗಟ್ಟಲೆ ನುಂಗುವ ನೋವಿನ ಮಾತ್ರೆಯೂ ಕಿಡ್ನಿಯನ್ನು ಕೆಡಿಸುತ್ತದೆ. ಕಲಿತ ವೈದ್ಯರು ನಾಡಿ ನೋಡಿ, ಅಳತೆ ಹೇಳಿ ಕೊಡುವುದು ಬೇರೆ. ಹೆಸರು ಬರೆಯದ ಪೊಟ್ಟಣದ ಪುಡಿ, ಫೋನಿನಲ್ಲಿ ಬಂದ ಮೆಸೇಜು ನೋಡಿ ಶುರು ಮಾಡಿದ ರಸ ಬೇರೆ. ಈ ಎರಡನೆಯದನ್ನು ನಾನು ಖಂಡಿತ ವಿರೋಧಿಸುತ್ತೇನೆ.

ಈಗ ನಿಮ್ಮ ತಂದೆಯವರ ವಿಷಯ. ಮುಂದಿನ ಸಲ ಹೋದಾಗ ಬಿಂಬುಳಿ ಕುಡಿದದ್ದನ್ನು ಡಾಕ್ಟರಿಗೆ ಬಿಡಿಸಿ ಹೇಳಿ. ಎಷ್ಟು ಲೋಟ, ಎಷ್ಟು ದಿನ ಎಂಬುದೂ ಚೀಟಿಯಲ್ಲಿರಲಿ. ಕಾರಣ ಗೊತ್ತಾದರೆ ಚಿಕಿತ್ಸೆಯ ದಾರಿಯೇ ಬೇರೆಯಾಗಬಹುದು. ಎಳನೀರು ತಂಪು ಎಂದು ಕೇಳದೆ ಕೊಡಬೇಡಿ. ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ, ಸೋತ ಕಿಡ್ನಿಗೆ ಅದು ಭಾರ. ಆಸ್ಪತ್ರೆಯಿಂದ ಮನೆಗೆ ಬಂದರು ಎಂದು ರಕ್ತಪರೀಕ್ಷೆ ಬಿಡಬೇಡಿ. ಕಿಡ್ನಿಯ ಅರ್ಧ ಶಕ್ತಿ ಹೋಗುವವರೆಗೂ ಕ್ರಿಯಾಟಿನಿನ್ ಸುಮ್ನೆ ಇದ್ದುಬಿಡಬಹುದು, ಹಾಗಾಗಿ ಮೂತ್ರದ ಪ್ರೋಟೀನ್ ಪರೀಕ್ಷೆಯನ್ನೂ ಕೇಳಿ ಮಾಡಿಸಿ.

ಮರ ಇರಲಿ. ಕಾಂಡಕ್ಕೇ ಅಂಟಿಕೊಂಡು ಗೊಂಚಲು ಗೊಂಚಲಾಗಿ ಬಿಡುವ ಅದರ ಚೆಂದ ನನಗೂ ಇಷ್ಟ. ಆರೋಗ್ಯವಾಗಿರುವವರು ಸಾರಿಗೆ ಎರಡು ಕಾಯಿ ಹಾಕಿಕೊಳ್ಳಿ. ತಂದೆಯವರ ತಟ್ಟೆಗೆ ಮಾತ್ರ ಬಿಂಬುಳಿ ಹಾಕದ ಸಾರು ಬಡಿಸಿ. ಅವರ ಮುಂದಿನ ರಿಪೋರ್ಟ್ ಬಂದಾಗ ಒಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.

– ಸಂಪಾದಕ