‘ಐ’ ಎಂದರೆ ಸಭ್ಯತೆ, ‘ಮಿ’ ಎಂದರೆ ಒರಟುತನವೆ?

ಪ್ರಶ್ನೆ: ‘ದಿ ಮ್ಯಾನೇಜರ್ ಕಾಲ್ಡ್ ರವಿ ಅಂಡ್ ಮಿ’ ಎಂದು ಪತ್ರದಲ್ಲಿ ಬರೆದಿದ್ದೆ. ಮೇಲಧಿಕಾರಿಗಳು ‘ಮಿ’ ಹೊಡೆದುಹಾಕಿ ‘ಐ’ ಎಂದು ತಿದ್ದಿದರು. ಇನ್ನೊಬ್ಬರ ಜೊತೆಗೆ ತನ್ನನ್ನು ಹೇಳಿಕೊಳ್ಳುವಾಗ ಯಾವಾಗಲೂ ‘ಐ’ ಎನ್ನುವುದೇ ಸಭ್ಯತೆಯಂತೆ. ನಿಜವೆ?
– ಬ್ಯಾಂಕ್ ಉದ್ಯೋಗಿ, ಹಾವೇರಿ

ಉತ್ತರ: ನಿಜವಲ್ಲ. ನೀವು ಬರೆದದ್ದೇ ಸರಿಯಾಗಿತ್ತು. ವರ್ಷಗಳಿಂದ ಇದೇ ಪ್ರಶ್ನೆಗೆ ಉತ್ತರಿಸುತ್ತ ಬಂದಿದ್ದರೂ ಸರಿಯಾದ ವಾಕ್ಯವನ್ನು ಕೆಡಿಸುವ ಈ ತಿದ್ದುಪಡಿ ನಿಂತಿಲ್ಲವಾದ್ದರಿಂದ, ಇಂದು ವಿಸ್ತಾರವಾಗಿಯೇ ಬರೆಯುತ್ತೇನೆ.

ಇದರ ಬೇರು ಶಾಲೆಯಲ್ಲಿದೆ. ಮಗು ‘ಮಿ ಅಂಡ್ ರವಿ ವೆಂಟ್’ ಎಂದಾಗ ಶಿಕ್ಷಕರು ‘ರವಿ ಅಂಡ್ ಐ’ ಎಂದು ತಿದ್ದುತ್ತಾರೆ. ಹೋದವರು ಅವರಿಬ್ಬರೇ ಆದ್ದರಿಂದ ಅಲ್ಲಿ ಕರ್ತೃರೂಪ ಬೇಕು, ತಿದ್ದಿದ್ದು ಸರಿ. ಆದರೆ ಕಾರಣ ಹೇಳದೆ ತಿದ್ದಿದರೆ ಮಗುವಿನ ಮನಸ್ಸಿನಲ್ಲಿ ಉಳಿಯುವುದು ‘ಮಿ’ ಎಂಬ ಪದವೇ ತಪ್ಪು ಎಂಬ ಭಯ, ಮತ್ತು ಆ ಭಯ ಕಚೇರಿಯ ಕುರ್ಚಿಯವರೆಗೂ ಜೊತೆಗೆ ಬರುತ್ತದೆ. ತನ್ನನ್ನು ಕೊನೆಯಲ್ಲಿ ಹೇಳಿಕೊಳ್ಳುವುದು ಸಭ್ಯತೆಗೆ ಸೇರಿದ್ದು, ‘ಐ’ ಬೇಕೋ ‘ಮಿ’ ಬೇಕೋ ಎಂಬುದು ವಿಭಕ್ತಿಗೆ ಸೇರಿದ್ದು.

ಕನ್ನಡಿಗರಿಗಂತೂ ಇದು ಕಷ್ಟವಾಗಬಾರದು. ‘ಮ್ಯಾನೇಜರು ರವಿಯನ್ನೂ ನಾನೂ ಕರೆದರು’ ಎಂದು ನಮ್ಮಲ್ಲಿ ಚಿಕ್ಕ ಮಗುವೂ ಹೇಳುವುದಿಲ್ಲ. ‘ರವಿಯನ್ನೂ ನನ್ನನ್ನೂ’ ಎಂದು ಎರಡೂ ಪದಗಳಿಗೆ ದ್ವಿತೀಯಾ ಪ್ರತ್ಯಯ ತಾನಾಗಿಯೇ ಬರುತ್ತದೆ. ಇಂಗ್ಲಿಷಿನ ನಾಮಪದಗಳು ಇಂಥ ಪ್ರತ್ಯಯಗಳನ್ನು ಶತಮಾನಗಳ ಹಿಂದೆಯೇ ಕಳೆದುಕೊಂಡವು. ಐ–ಮಿ, ಹಿ–ಹಿಮ್, ಶಿ–ಹರ್, ವಿ–ಅಸ್, ದೇ–ದೆಮ್, ಹೂ–ಹೂಮ್ ಎಂಬ ಕೆಲವೇ ಸರ್ವನಾಮಗಳಲ್ಲಿ ಆ ಭೇದ ಉಳಿದಿದೆ. ‘ರವಿ’ ಎಲ್ಲಿ ನಿಂತರೂ ‘ರವಿ’ಯೇ ಆಗಿರುವುದರಿಂದ ಅದರ ಪಕ್ಕದ ಸರ್ವನಾಮ ತಪ್ಪಿದರೂ ಕಿವಿಗೆ ಹೊಳೆಯುವುದಿಲ್ಲ. ರವಿಯನ್ನು ತೆಗೆದು ಓದಿ: ‘ಕಾಲ್ಡ್ ಐ’ ಎಂದು ನಿಮ್ಮ ಮೇಲಧಿಕಾರಿಗಳೂ ಬರೆಯಲಾರರು.

‘ಬಿಟ್ವೀನ್’ ಬಂದಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ, ಒಬ್ಬರೇ ಇದ್ದರೆ ‘ನಡುವೆ’ ಎಂಬ ಮಾತೇ ಹುಟ್ಟದು. ಅಲ್ಲಿ ಇಬ್ಬರನ್ನೂ ತೆಗೆದು ‘ವಿ’ ಅಥವಾ ‘ಅಸ್’ ಇಟ್ಟು ನೋಡಿ. ‘ಬಿಟ್ವೀನ್ ಅಸ್’ ಎಂದೇ ಆಗುವುದರಿಂದ ‘ಬಿಟ್ವೀನ್ ಯು ಅಂಡ್ ಮಿ’ ಸರಿ. ಶೇಕ್ಸ್‌ಪಿಯರನ ‘ದಿ ಮರ್ಚೆಂಟ್ ಆಫ್ ವೆನಿಸ್’ ನಾಟಕದ ಮೂರನೆಯ ಅಂಕದಲ್ಲಿ, ಆಂಟೋನಿಯೋ ಬರೆದ ಪತ್ರದಲ್ಲಿ ‘ಬಿಟ್ವೀನ್ ಯು ಅಂಡ್ ಐ’ ಇದೆಯೆಂದು ಕೆಲವರು ವಾದಿಸುತ್ತಾರೆ. ಇದೆ, ಒಪ್ಪುತ್ತೇನೆ. ಆದರೆ ಕರ್ತೃರೂಪವಾಗಿದ್ದ ‘ಯೀ’ ಮರೆಯಾಗಿ, ಕರ್ಮರೂಪದ ‘ಯು’ ಎರಡೂ ಕೆಲಸಕ್ಕೆ ನಿಲ್ಲುತ್ತಿದ್ದ ಆ ಕಾಲದಲ್ಲಿ ಬಳಕೆ ಇಂದಿನಷ್ಟು ಗಟ್ಟಿಯಾಗಿರಲಿಲ್ಲ. ಆ ಸಾಲನ್ನು ತೋರಿಸಿ ಇಂದಿನ ಪತ್ರದ ತಪ್ಪನ್ನು ಸಮರ್ಥಿಸಿಕೊಳ್ಳಲಾಗದು.

ಪ್ರಶ್ನೆ: ಸಂದರ್ಶನದಲ್ಲಿ ‘ಮೈಸೆಲ್ಫ್ ರಮೇಶ್’ ಎಂದು ಆರಂಭಿಸಬಹುದೆ?

ಉತ್ತರ: ಖಂಡಿತ ಬೇಡ, ‘ಐ ಆಮ್ ರಮೇಶ್’ ಎನ್ನಿ. ಮೂವತ್ತು ದಿನಗಳಲ್ಲಿ ಇಂಗ್ಲಿಷ್ ಕಲಿಸುವುದಾಗಿ ಹಣ ಕಟ್ಟಿಸಿಕೊಂಡು ಹಳ್ಳಿಯ ಹುಡುಗರಿಗೆ ಈ ಮಾತನ್ನು ಬಾಯಿಪಾಠ ಮಾಡಿಸುವವರ ಮೇಲೆ ನನಗೆ ನಿಜವಾದ ಸಿಟ್ಟಿದೆ. ಆ ಹುಡುಗರ ಮೊದಲ ವಾಕ್ಯವೇ ಅವರಿಗೆ ಮುಳುವಾಗುತ್ತದೆ. ‘ಐ’, ‘ಮಿ’ ಎರಡರಲ್ಲೂ ಧೈರ್ಯ ಸಾಲದೆ ‘ಕಾಂಟ್ಯಾಕ್ಟ್ ರವಿ ಆರ್ ಮೈಸೆಲ್ಫ್’ ಎಂದು ಬರೆಯುವ ಅಧಿಕಾರಿಗಳೂ ಅದನ್ನು ಬಿಡಲಿ. ಅಲ್ಲಿ ಬೇಕಾದದ್ದು ‘ಮಿ’.

ಪ್ರಶ್ನೆ: ‘ಟಾಲರ್ ದ್ಯಾನ್ ಐ’ ಸರಿಯೋ, ‘ದ್ಯಾನ್ ಮಿ’ ಸರಿಯೋ?

ಉತ್ತರ: ಎರಡನ್ನೂ ಸಮರ್ಥಿಸುವವರಿದ್ದಾರೆ, ಪರೀಕ್ಷೆಯಲ್ಲಿ ‘ದ್ಯಾನ್ ಐ ಆಮ್’ ಎಂದು ಪೂರ್ತಿ ಬರೆದರೆ ಅಂಕ ಕಳೆಯಲು ಯಾರಿಗೂ ಅವಕಾಶವಿರದು.

ಪ್ರಶ್ನೆ: ಬಾಗಿಲು ತಟ್ಟಿ ‘ಇಟ್ ಈಸ್ ಐ’ ಎನ್ನಬೇಕೆ?

ಉತ್ತರ: ‘ಇಟ್ಸ್ ಮಿ’ ಎನ್ನಿ, ಇಂಗ್ಲಿಷ್ ಮನೆಮಾತಾಗಿರುವವರೂ ಹಾಗೆಯೇ ಹೇಳುತ್ತಾರೆ.