ಟೆನ್ಷನ್ ಮಾಡ್ಕೊಂಡು ಕಾಯಿಲೆ ತಂದ್ಕೊಂಡ್ನಾ?

ಪ್ರಶ್ನೆ: ಡಾಕ್ಟ್ರೇ, ನಂಗೆ 43 ವರ್ಷ. ಎರಡು ವರ್ಷದ ಹಿಂದೆ ಯಜಮಾನ್ರು ಹೋಗ್ಬಿಟ್ರು, ಆಮೇಲೆ ಸಾಲ, ಮಗನ ಫೀಸು ಅಂತ ಒದ್ದಾಡಿ ಏಳೆಂಟು ತಿಂಗಳಲ್ಲೇ ಬೆರಳು ಊದ್ಕೊಳ್ಳೋಕೆ ಶುರುವಾಯ್ತು. ಬೆಳಿಗ್ಗೆ ಬಟ್ಟೆ ಹಿಂಡೋಕಾಗಲ್ಲ, ಕಾಫಿ ಲೋಟಕ್ಕೂ ಎರಡು ಕೈ ಬೇಕು. ರುಮಟಾಯ್ಡ್ ಆರ್ಥ್ರೈಟಿಸ್ ಅಂತ ವಾರಕ್ಕೊಂದಿನ ಮೆಥೊಟ್ರೆಕ್ಸೇಟ್ ಕೊಟ್ಟಿದಾರೆ. ನಾದಿನಿ "ಟೆನ್ಷನ್ ಮಾಡ್ಕೊಂಡು ನೀವೇ ತಂದ್ಕೊಂಡ್ರಿ ಅತ್ತಿಗೆ, ಮಾತ್ರೆ ಬಿಟ್ಟು ಯೋಗ ಮಾಡಿ" ಅಂತಾಳೆ. ನಿಜಾನಾ?
– ಓದುಗರು, ತಿಪಟೂರು

ಉತ್ತರ: ಪೂರ್ತಿ ಸುಳ್ಳಾಗಿದ್ರೆ ತಳ್ಳಿಹಾಕಬಹುದಿತ್ತು, ಅರ್ಧ ನಿಜ ಇರೋದೇ ತಲೆನೋವು. ಸ್ವೀಡನ್‌ನಲ್ಲಿ ದೊಡ್ಡ ಆಘಾತ, ಒತ್ತಡದಿಂದ ಮಾನಸಿಕ ಕಾಯಿಲೆ ಆಗಿದ್ದ 1 ಲಕ್ಷದ 6 ಸಾವಿರ ಜನರ ದಾಖಲೆ ಜಾಲಾಡಿದ್ರು, 2018ರಲ್ಲಿ ಪ್ರಕಟ ಆಯ್ತು. ಅವರಲ್ಲಿ ವರ್ಷಕ್ಕೆ ಸಾವಿರಕ್ಕೆ ಸುಮಾರು 9 ಜನಕ್ಕೆ ಆಟೋಇಮ್ಯೂನ್ ಕಾಯಿಲೆ (ರೋಗನಿರೋಧಕ ಶಕ್ತಿ ನಮ್ಮ ದೇಹದ ಮೇಲೇ ತಿರುಗಿಬೀಳೋದು, ನಿಮ್ ಕಾಯಿಲೆನೂ ಇದೇ ಜಾತಿ) ಬಂತು, ಅಂಥ ಮಾನಸಿಕ ತೊಂದ್ರೆ ಇಲ್ದೋರಲ್ಲಿ 6. ಅಂದ್ರೆ ನಂಟಿದೆ, ಆದ್ರೆ ಅಷ್ಟು ನೊಂದೋರಲ್ಲೂ ವರ್ಷಕ್ಕೆ ಸಾವಿರದಲ್ಲಿ ಸುಮಾರು 991 ಜನಕ್ಕೆ ಈ ಥರ ಕಾಯಿಲೆ ಬರ್ಲಿಲ್ಲ ನೋಡಿ, ಒತ್ತಡವೇ ಕಾರಣ ಅಂತ ಇದ್ರಿಂದ ಸಾಬೀತೂ ಆಗಲ್ಲ.

ಕಾರ್ಟಿಸಾಲ್ ಅನ್ನೋ ಹಾರ್ಮೋನ್ ಉರಿಯೂತಕ್ಕೆ ಬ್ರೇಕ್ ಇದ್ದಂಗೆ, ತಿಂಗಳುಗಟ್ಲೆ ಒತ್ತಡ ಇದ್ರೆ ರೋಗನಿರೋಧಕ ಕಣಗಳು ಅದರ ಮಾತು ಸರಿಯಾಗಿ ಕೇಳಲ್ಲ, ಆಗ ಊತ ಜಾಸ್ತಿಯಾಗಬಹುದು. ಆದ್ರೆ ಒಂದು ವಿಷ್ಯ ನಿಮ್ ನಾದಿನಿಗೆ ಗೊತ್ತಿಲ್ಲ. ಈ ಕಾಯಿಲೆಯ ಆಂಟಿಬಾಡಿಗಳು (ದೇಹದ ಮೇಲೇ ತಿರುಗಿಬೀಳೋ ಪ್ರೋಟೀನ್‌ಗಳು) ಎಷ್ಟೋ ಜನಕ್ಕೆ ಕೀಲು ನೋಯೋಕೆ ವರ್ಷಗಳ ಮುಂಚೇನೇ ರಕ್ತದಲ್ಲಿ ಸೇರ್ಕೊಂಡಿರ್ತವೆ. ನಿಮ್ಗೂ ಯಜಮಾನ್ರು ಚೆನ್ನಾಗಿದ್ದಾಗ್ಲೇ ಅದು ಶುರುವಾಗಿದ್ದಿರಬಹುದು. ಗಂಡನ್ನ ಕಳ್ಕೊಂಡು ಅತ್ತಿದ್ದನ್ನ ತಪ್ಪು ಅಂತ ಲೆಕ್ಕಕ್ಕೆ ಬರ್ಕೋಬೇಡಿ.

ಯೋಗ ಖಂಡಿತ ಮಾಡಿ. ದೆಹಲಿಯ ಏಮ್ಸ್‌ನಲ್ಲಿ ಇದೇ ಕಾಯಿಲೆಯ 72 ಜನರ ಮೇಲೆ ಪ್ರಯೋಗ ಆಗಿತ್ತು, 8 ವಾರ ಯೋಗ ಮಾಡಿದ ಗುಂಪಲ್ಲಿ ಕಾಯಿಲೆಯ ತೀವ್ರತೆ, ಖಿನ್ನತೆ ಎರಡೂ ಇಳೀತು, ಆದ್ರೆ ಅವರ್ಯಾರೂ ಮಾತ್ರೆ ಬಿಟ್ಟಿರ್ಲಿಲ್ಲ ರೀ! ಮಾತ್ರೆ ಬಿಟ್ರೆ ಕೀಲು ಸವೆದುಹೋಗುತ್ತೆ, ಆಮೇಲೆ ಮನಸ್ಸು ಎಷ್ಟು ಹಗುರಾದ್ರೂ ಸೊಟ್ಟಗಾದ ಬೆರಳು ನೆಟ್ಟಗಾಗಲ್ಲ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ, ನೋವು ಜಾಸ್ತಿ ಅಂತ ದಿನಾ ನುಂಗಿದ್ರೆ ಪ್ರಾಣಕ್ಕೇ ಅಪಾಯ, ಕ್ಯಾಲೆಂಡರ್‌ನಲ್ಲಿ ಗುರ್ತು ಹಾಕ್ಕೊಳ್ಳಿ. ರಾತ್ರಿ ನಿದ್ದೆ ಬರ್ದಿದ್ರೆ, ಅಳು ನಿಲ್ದಿದ್ರೆ ಅದನ್ನೂ ನಿಮ್ ಡಾಕ್ಟ್ರಿಗೆ ಬಾಯ್ಬಿಟ್ಟು ಹೇಳಿ, ಅದಕ್ಕೂ ಚಿಕಿತ್ಸೆ ಇದೆ. ನಾದಿನಿಗೆ ಅಷ್ಟು ಕಾಳಜಿ ಇದ್ರೆ ಬೆಳಿಗ್ಗೆ ಬಂದು ಬಟ್ಟೆ ಹಿಂಡಿಕೊಡ್ಲಿ.